ಒಂದು ‘ಸು’ ಹೆಚ್ಚು

ಮಾರ್ಚ್ 3, ಸೋಮವಾರ

ಡೆಕೊರೇಟರ್ ಎರಡು ಹಾಳೆಯ ಪಟ್ಟಿ ಕೈಗಿಟ್ಟು ಎದುರಿಗೆ ಕೂತ. ಹದಿನೇಳು ತಪ್ಪುಗಳಿದ್ದವು. ‘ಅಲಂಕಾರ’ ಎಲ್ಲ ಕಡೆ ‘ಅಲಂಕರ’. ‘ಹೂವು’ ಎಲ್ಲ ಕಡೆ ‘ಹುವು’. ಇನ್ನು ವಧು, ಪಾಪ, ಮದುವೆಗೆ ಮುಂಚೆಯೇ ಮಹಾಪ್ರಾಣ ಕಳೆದುಕೊಂಡು ‘ವದು’ ಆಗಿದ್ದಳು. ಕೆಂಪು ಪೆನ್ಸಿಲ್ ತಂದು ಅಲ್ಲೇ ತಿದ್ದಿದೆ. ಮೂವತ್ನಾಲ್ಕು ವರ್ಷ ಪತ್ರಿಕೆಯ ಕಚೇರಿಯಲ್ಲಿ ಕರಡು ತಿದ್ದಿದ ಕೈ ಇದು. ನಿವೃತ್ತಿಯಾಗಿ ಆರು ವರ್ಷವಾದರೂ ತಪ್ಪು ಕಂಡರೆ ತಾನಾಗಿ ಮೇಲೇಳುತ್ತದೆ.

“ಸಾರ್, ರೇಟ್ ನೋಡಿ ಅಂತ ಕೊಟ್ರೆ ಸ್ಪೆಲ್ಲಿಂಗ್ ನೋಡ್ತಾ ಕೂತಿದೀರಲ್ಲ,” ಅಂದ.

“ರೇಟೂ ತಪ್ಪೇ. ಅದನ್ನ ಪೆನ್ಸಿಲ್‌ನಲ್ಲಿ ತಿದ್ದೋಕಾಗಲ್ಲ.”

ಬಾಗಿಲಿನಿಂದ ವೇದಿಕೆಯವರೆಗಿನ ಹತ್ತು ಹೆಜ್ಜೆಗೆ ಅವನು ‘ಕನಸಿನ ದಾರಿ’ ಎಂದು ಹೆಸರಿಟ್ಟಿದ್ದ. ಆ ದಾರಿಯಲ್ಲಿ ಹೊಗೆ ಬಿಡುವ ಯಂತ್ರ ಬೇರೆ. ಊರಿನ ಹೊಗೆಯ ಬಗ್ಗೆ ನಾನು ಪತ್ರಿಕೆಗೆ ಬರೆದ ಪತ್ರಗಳೇ ಒಂಬತ್ತಿವೆ. ಈಗ ಅದೇ ಹೊಗೆಯನ್ನು ದುಡ್ಡು ಕೊಟ್ಟು ಮಗಳ ಮೇಲೆ ಬಿಡಿಸಬೇಕಂತೆ!

ಮಗಳೂ ಹುಡುಗನೂ ಮೊದಲೇ ಮಾತಾಡಿಕೊಂಡಿದ್ದಾರೆ. ಇಪ್ಪತ್ತಮೂರರ ಬೆಳಿಗ್ಗೆ, ಭಾನುವಾರವೂ ತೆರೆದಿರುವ ನೋಂದಣಿ ಕಚೇರಿಯಲ್ಲಿ ಮದುವೆ, ಸಂಜೆ ನಿವೃತ್ತ ಸಾರಿಗೆ ನೌಕರರ ಸಂಘದ ಸಭಾಂಗಣದಲ್ಲಿ ಆರತಕ್ಷತೆ. ಸಾಲ ಬೇಡ, ಆಡಂಬರ ಬೇಡ. ಒಳ್ಳೆಯ ತೀರ್ಮಾನ. ಆದರೆ ಸಭಾಂಗಣವನ್ನು ಬರಿಗೋಡೆಯಲ್ಲಿ ಬಿಡುವುದಕ್ಕಾಗುತ್ತದೆಯೆ? ಡೆಕೊರೇಟರ್ ಮೆಟ್ಟಿಲಿಳಿಯುವ ಮೊದಲೇ ಹೇಳಿಬಿಟ್ಟೆ, ಅಲಂಕಾರ ನಾನೇ ಮಾಡುತ್ತೇನೆ ಎಂದು.

“ನೀವಾ?” ಅಂದಳು ಹೆಂಡತಿ. “ಒಂದು ಕ್ಯಾಲೆಂಡರ್ ನೇತುಹಾಕೋಕೆ ಮೂರು ದಿನ ತಗೊಂಡ್ರಿ.”

“ಗೋಡೆ ಓರೆ ಇತ್ತು.”

“ಗೋಡೆ ನೆಟ್ಟಗೇ ಇತ್ತು ಕಣ್ರೀ.”

ಇವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೈದು ವರ್ಷ ಮಂದಿಯ ಮಾತು ಕೇಳಿಸಿಕೊಂಡವಳು. ಯಾರ ಮಾತನ್ನು ಎಲ್ಲಿ ತುಂಡರಿಸಬೇಕೆಂದು ಚೆನ್ನಾಗಿ ಗೊತ್ತು.

ಮಾರ್ಚ್ 5, ಬುಧವಾರ

ಸಭಾಂಗಣ ನೋಡಿ ಬಂದೆ. ಭುಜದೆತ್ತರದವರೆಗೆ ಆಸ್ಪತ್ರೆಯ ಹಸಿರು ಬಣ್ಣ, ಮೇಲೆ ಒಂದು ಕಾಲದ ಬಿಳಿ. ಎಂಟು ಫ್ಯಾನು, ರೆಕ್ಕೆಯ ಅಂಚಿಗೆಲ್ಲ ಕಪ್ಪು ಧೂಳು. ವೇದಿಕೆಯ ಎದುರಿಗೆ, ಸರಿಯಾಗಿ ಮಧ್ಯದಲ್ಲಿ, ಒಂದು ದಪ್ಪ ಕಂಬ. ಮೂಲ ನಕ್ಷೆಯಲ್ಲಿ ಆ ಕಂಬ ಇರಲಿಲ್ಲ. ಉದ್ಘಾಟನೆಗೆ ಮೊದಲೇ ಚಾವಣಿ ಜಗ್ಗಿದಾಗ ಕೊಟ್ಟ ಊರುಗೋಲು ಅದು. ಉದ್ಘಾಟನೆಯ ವಾರವೇ ನಾನು ಪತ್ರಿಕೆಗೆ ಬರೆದಿದ್ದೆ: ‘ಈ ಸಭಾಂಗಣದಲ್ಲಿ ಭಾಷಣಕಾರರು ಪ್ರೇಕ್ಷಕರಿಂದ ಅಡಗಿಕೊಳ್ಳಲು ಉತ್ತಮ ವ್ಯವಸ್ಥೆ ಮಾಡಲಾಗಿದೆ.’ ಜನ ಈಗಲೂ ಮರೆತಿರಲಾರರು.

ಸಂಘದ ಮೇಲ್ವಿಚಾರಕ ಬೀಗದ ಗೊಂಚಲು ಆಡಿಸುತ್ತ ಹಿಂದೆ ಹಿಂದೆಯೇ ಬಂದ.

“ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ. ಟೇಪ್ ಅಂಟಿಸೋ ಹಾಗಿಲ್ಲ, ಬಣ್ಣ ಕಿತ್ತು ಬರುತ್ತೆ. ಫ್ಯಾನಿಗೆ ಏನೂ ಕಟ್ಟೋ ಹಾಗಿಲ್ಲ. ಫೋಟೋ ಮುಟ್ಟೋ ಹಾಗಿಲ್ಲ.”

“ಉಸಿರಾಡಬಹುದಾ?”

“ಬಾಡಿಗೆ ಅವಧಿಯೊಳಗೆ ಆಡಬಹುದು ಸಾರ್.”

ಗಂಭೀರವಾಗಿ ಅಂದನೋ ತಮಾಷೆಗೆ ಅಂದನೋ ತಿಳಿಯಲಿಲ್ಲ. ಫೋಟೋ ಎಂದರೆ ಸಂಘದ ಒಂಬತ್ತು ಮಾಜಿ ಅಧ್ಯಕ್ಷರು. ಎಡಗೋಡೆಯ ಉದ್ದಕ್ಕೂ ಸಾಲಾಗಿ, ಟಿಕೆಟ್ ಇಲ್ಲದ ಪ್ರಯಾಣಿಕನನ್ನು ಹಿಡಿದವರ ಹಾಗೆ ಹುಬ್ಬು ಗಂಟಿಕ್ಕಿ ನೋಡುತ್ತಿದ್ದಾರೆ. ಸಂಘದ ನಿಯಮಾವಳಿ ಕೇಳಿ ಪಡೆದು ಅಲ್ಲೇ ನಿಂತು ಪೂರ್ತಿ ಓದಿದೆ. ‘ಕೆಳಗಿಳಿಸಬಾರದು’ ಎಂದಷ್ಟೇ ಇದೆ. ಸುತ್ತಲೂ ಅಲಂಕರಿಸಬಾರದೆಂದು ಎಲ್ಲೂ ಇಲ್ಲ. ಓದುವ ಅಭ್ಯಾಸ ಇರುವುದು ಇದಕ್ಕೇ.

ಮಾರ್ಚ್ 9, ಭಾನುವಾರ

ಹೂವಿನ ಪ್ರಶ್ನೆ ಬಗೆಹರಿಯಿತು. ಹಳೆಯ ಕಚೇರಿಯ ಮುದ್ರಣ ವಿಭಾಗಕ್ಕೆ ಹೋಗಿ, ಯಂತ್ರದಲ್ಲಿ ಮುಗಿಯದೆ ಉಳಿದ ಕಾಗದದ ರೀಲಿನ ಕೊನೆಗಳನ್ನು ಕೇಳಿ ತಂದೆ. ಒಂದಕ್ಷರವೂ ಅಚ್ಚಾಗದ, ತಪ್ಪಿಗೆ ಅವಕಾಶವೇ ಇಲ್ಲದ ಕಾಗದ. ಅಂಗೈಯಗಲ ಕತ್ತರಿಸಿ, ಬೀಸಣಿಗೆಯಂತೆ ಮಡಚಿ, ನಡುವೆ ದಾರ ಬಿಗಿದು ಬಿಡಿಸಿದರೆ ಹೂವು. ಸಂಜೆಯ ಹೊತ್ತಿಗೆ ನೂರಾ ನಲವತ್ತು ಆಗಿತ್ತು.

ಬೀಗಿತ್ತಿ ಬಂದಿದ್ದರು. ಹುಡುಗನ ತಾಯಿ. ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿ ಇದೆ, ಅಂಗಡಿಯ ಹಿಂದೆಯೇ ಎರಡು ಕೋಣೆಯ ಮನೆ. ಮದುವೆಯಾದ ಮೇಲೆ ನನ್ನ ಮಗಳೂ ಅಲ್ಲೇ ಇರುತ್ತಾಳೆ. ಯಜಮಾನರು ತೀರಿಕೊಂಡು ನಾಲ್ಕು ವರ್ಷ. ಬಣ್ಣದ ಕೆಲಸ ಮಾಡುತ್ತಿದ್ದರಂತೆ. ಹುಡುಗ ಎಕ್ಸ್‌ರೇ ತೆಗೆಯುವವನು, ಒಳ್ಳೆಯವನು. ಜನರ ಒಳಗು ನೋಡಿಯೂ ಯಾರ ಬಗ್ಗೆಯೂ ಕೆಟ್ಟ ಮಾತಾಡುವುದಿಲ್ಲ.

ಆಕೆಗೆ ಮಾತು ಕಡಿಮೆ, ಅಳತೆ ಖಚಿತ. ಕಂಬದ ವಿಷಯ ಹೇಳಿದೆ. ಎತ್ತರ ಎಷ್ಟು, ಸುತ್ತಳತೆ ಎಷ್ಟು ಎಂದರು. ನಾನು ಅಳತೆ ತಂದಿರಲಿಲ್ಲ.

“ಅಳತೆ ಇಲ್ದೆ ಯಾಕೆ ಹೋಗಿದ್ರಿ ಬೀಗರೇ?”

“ನೋಡೋಕೆ.”

“ನೋಡಿ ಬಂದ್ರೆ ಬಟ್ಟೆ ಹೊಲಿಯೋಕಾಗುತ್ತಾ?” ಎಂದು ಹೆಂಡತಿಯ ಕಡೆ ತಿರುಗಿ, “ಅಕ್ಕಾ, ಕಂಬಕ್ಕೆ ಒಂದು ಫ್ರಾಕ್ ಹೊಲಿದುಬಿಡ್ತೀನಿ ಬಿಡಿ. ಮೇಲಿಂದ ನೆರಿಗೆ ಬಿಟ್ರೆ ಕಂಬ ಅಂತ ಗೊತ್ತೇ ಆಗಲ್ಲ,” ಅಂದರು. ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಕಂಬಕ್ಕೆ ಫ್ರಾಕ್ ತೊಡಿಸಿದರೆ ಅದೇನು ಅಷ್ಟು ನಗುವ ವಿಷಯ?

ಅಂಗಡಿಯಲ್ಲಿ ಉಳಿದ ಬಿಳಿ ಬಟ್ಟೆಯಲ್ಲಿ ಪರದೆ, ಕುರ್ಚಿಯ ಹೊದಿಕೆ, ಕಂಬದ ಫ್ರಾಕ್ ಎಲ್ಲ ಅವರದು. ಕಾಗದದ ಹೂವು, ದೀಪದ ಸರ, ಒಟ್ಟು ಯೋಜನೆ ನನ್ನದು. ಡೆಕೊರೇಟರ್ ಬಂದು ನೋಡಬೇಕು.

ಮಾರ್ಚ್ 14, ಶುಕ್ರವಾರ

ಬೀಗಿತ್ತಿ ಬಾಗಿಲಿಗೆ ಹಾಕುವ ತೋರಣ ತಂದರು. ಹೇಳದೆ ಕೇಳದೆ ಮಾಡಿದ್ದಾರೆ. ನಾಲ್ಕು ಬಿಳಿ ಬಟ್ಟೆಯ ಪಟಗಳು, ಒಂದೊಂದರಲ್ಲಿ ಒಂದೊಂದು ಅಕ್ಷರ, ಕಡು ನೀಲಿ ಸಮವಸ್ತ್ರದ ಬಟ್ಟೆಯಲ್ಲಿ ಕತ್ತರಿಸಿ ಹೊಲಿದದ್ದು. ನಾಲ್ಕನ್ನೂ ಒಂದೇ ಹಗ್ಗಕ್ಕೆ ಸಾಲಾಗಿ ಹೊಲಿದಿದ್ದಾರೆ. ಅಕ್ಷರಗಳು ಮಾತ್ರ ಬಹಳ ಚೆಂದ. ಅಂಥ ದುಂಡಗಿನ ಕೈ ಈಗ ಎಲ್ಲೂ ಕಾಣುವುದಿಲ್ಲ. ಮೊದಲನೆಯ ಅಕ್ಷರದ ಕೊಂಬು ಬಳ್ಳಿಯ ಹಾಗೆ ಇಳಿದು ಸುತ್ತಿಕೊಂಡಿತ್ತು.

“ಯಾರ ಕೈ ಇದು?” ಎಂದೆ.

“ಮನೇಲಿ ತಗಡಿನ ಅಚ್ಚಿತ್ತು,” ಅಂದರು.

ಆದರೆ ಪದ? ‘ಸುಸ್ವಾಗತ’!

ನಾನು ಜೀವಮಾನದಲ್ಲಿ ಅತಿ ಹೆಚ್ಚು ಸಲ ಹೊಡೆದುಹಾಕಿದ ಅಕ್ಷರ ಯಾವುದೆಂದರೆ ಈ ‘ಸು’. ಆಕೆಗೆ ಸಮಾಧಾನವಾಗಿಯೇ ವಿವರಿಸಿದೆ. ‘ಸು’ ಎಂದರೆ ಒಳ್ಳೆಯದು, ‘ಆಗತ’ ಎಂದರೆ ಬಂದದ್ದು. ಎರಡೂ ಕೂಡಿದರೆ ‘ಸ್ವಾಗತ’. ‘ಸು’ ಆಗಲೇ ಅದರೊಳಗಿದೆ. ಅದರ ಮುಂದೆ ಇನ್ನೊಂದು ‘ಸು’ ಹಚ್ಚಿದರೆ ಅಂಗಿಯ ಮೇಲೆ ಅದೇ ಅಂಗಿ ತೊಟ್ಟ ಹಾಗೆ.

ಹೆಂಡತಿ ಒಳಗಿನಿಂದ, “ಚಳಿಗೆ ತೊಡ್ತಾರಪ್ಪ,” ಅಂದಳು.

ಬೀಗಿತ್ತಿ ಏನೂ ಅನ್ನಲಿಲ್ಲ. ಆಸಕ್ತಿಯಿಂದ ಕೇಳುತ್ತಿದ್ದಾರೆ ಎನ್ನಿಸಿ ಹಳೆಯ ಕಡತ ತಂದೆ. ಇಪ್ಪತ್ತೇಳು ವರ್ಷದ ಹಿಂದೆ ಬಸ್ ನಿಲ್ದಾಣದ ಹೊಸ ದ್ವಾರದ ಮೇಲೆ ಆಳೆತ್ತರದ ಅಕ್ಷರದಲ್ಲಿ ‘ಸುಸ್ವಾಗತ’ ಎಂದು ಬರೆಸಿದ್ದರು. ನಾನು ಪತ್ರಿಕೆಗೆ ಬರೆದೆ. ನಾಲ್ಕೇ ದಿನದಲ್ಲಿ ‘ಸು’ ಮೇಲೆ ಸುಣ್ಣ ಬಿತ್ತು. ಎಡಕ್ಕೆ ಖಾಲಿ ಬಿಟ್ಟು ಬಲಕ್ಕೆ ವಾಲಿದ ‘ಸ್ವಾಗತ’ ಬಹಳ ವರ್ಷ ಹಾಗೇ ಇತ್ತು. ಒಬ್ಬ ನಾಗರಿಕನ ಪತ್ರಕ್ಕೆ ಕಚೇರಿಯೊಂದು ನಾಲ್ಕು ದಿನದಲ್ಲಿ ಎದ್ದು ನಿಂತದ್ದು ಈ ಊರಿನ ಚರಿತ್ರೆಯಲ್ಲೇ ಅದೊಂದು ಸಲ. ಪತ್ರವನ್ನು ಓದಿ ಹೇಳಿದೆ. ಅದರ ಕೊನೆಯ ಸಾಲು ಆಗ ಎಲ್ಲರ ಬಾಯಲ್ಲಿತ್ತು: ‘ಬರೆದ ಮಹಾಶಯರ ಬಳಿ ಬಣ್ಣ ಹೆಚ್ಚಾಗಿತ್ತೋ, ಅಕ್ಷರಜ್ಞಾನ ಕಡಿಮೆಯಾಗಿತ್ತೋ ತಿಳಿಯದು.’

ಆಕೆ ಪತ್ರವನ್ನು ಕೈಗೆ ತೆಗೆದುಕೊಂಡು ಮೇಲಿದ್ದ ತಾರೀಖು ನೋಡಿದರು.

“ನನ್ನ ಮಗನಿಗೆ ಆಗ ಒಂದು ವರ್ಷ,” ಅಂದರು.

“ನಿಮ್ಮದೂ ಒಳ್ಳೆ ಜ್ಞಾಪಕಶಕ್ತಿ!” ಎಂದೆ.

ಟೀ ಅರ್ಧಕ್ಕೇ ಬಿಟ್ಟು ಎದ್ದರು. ಅಂಗಡಿಗೆ ಗಿರಾಕಿ ಬರುವ ಹೊತ್ತಂತೆ.

ಮಾರ್ಚ್ 15, ಶನಿವಾರ

ಮೊದಲ ಪಟವನ್ನು ಹಗ್ಗದಿಂದ ಕತ್ತರಿಸಿ ತೆಗೆದೆ. ಹಾಳು ಮಾಡಲಿಲ್ಲ. ಅಂದವಾಗಿ ಮಡಚಿ, ಲಕೋಟೆಯಲ್ಲಿಟ್ಟು, ಮೇಲೆ ‘ಹೆಚ್ಚುವರಿ: ಹಿಂದಿರುಗಿಸಲಾಗಿದೆ’ ಎಂದು ಕೆಂಪು ಪೆನ್ಸಿಲ್‌ನಲ್ಲಿ ಬರೆದು, ದಾರಿಯಲ್ಲಿ ಸಿಕ್ಕ ಅಳಿಯನ ಕೈಗೆ ಕೊಟ್ಟೆ. ಬಟ್ಟೆ ಬೇರೆ ಏನಕ್ಕಾದರೂ ಆದೀತು. ಇನ್ನೊಬ್ಬರ ಸಾಮಾನು ವ್ಯರ್ಥ ಮಾಡುವುದು ನನಗಾಗುವುದಿಲ್ಲ.

ಹೂವು ಇನ್ನೂರ ಅರವತ್ತು.

ಮಾರ್ಚ್ 16, ಭಾನುವಾರ

ಇವತ್ತು ಬರಬೇಕಾಗಿದ್ದ ಪರದೆಗಳು ಬರಲಿಲ್ಲ. ಹೆಂಡತಿ ಫೋನ್ ಮಾಡಿದಳು. “ಹೊಲಿದು ಕಳಿಸ್ತೀನಿ ಅಕ್ಕ, ಅಲಂಕಾರಕ್ಕೆ ನಾನು ಬರಲ್ಲ. ಆ ದಿನ ಊಟದ ಹೊತ್ತಿಗೆ ಬಂದು ಹೋಗ್ತೀನಿ,” ಅಂದರಂತೆ. ಮಗನ ಆರತಕ್ಷತೆಗೆ ಊಟದ ಹೊತ್ತಿಗೆ ಬಂದು ಹೋಗುವುದೆಂದರೇನು? ಬಾಗಿಲಲ್ಲಿ ನಿಂತು ಬಂದವರನ್ನು ಕರೆಯುವವರು ಯಾರು?

“ಏನು ಮಾಡಿದ್ರಿ?” ಅಂದಳು.

“ವ್ಯಾಕರಣ ಹೇಳಿದೆ.”

“ಅದೇ ಕೇಳ್ತಿರೋದು, ಏನು ಮಾಡಿದ್ರಿ?”

ಮಾರ್ಚ್ 17, ಸೋಮವಾರ

ಅಳಿಯ ಬಂದಿದ್ದ. ಕೂರು ಎಂದರೂ ಕೂರಲಿಲ್ಲ. ಲಕೋಟೆ ಅವನ ಕೈಯಲ್ಲೇ ಇತ್ತು. ಅವನ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ. ಬಿಟ್ಟರೆ ಅದೂ ಒಂದು ತಪ್ಪಾಗುತ್ತದೆ.

“ಮಾವ, ಬಸ್ ಸ್ಟ್ಯಾಂಡಿನ ಆ ಬೋರ್ಡು ನಮ್ಮಪ್ಪ ಬರೆದಿದ್ದು. ಆ ‘ಸು’ ಮೇಲೆ ಸುಣ್ಣ ಬಳಿಯೋಕೂ ಅವರನ್ನೇ ಹತ್ತಿಸಿದ್ರು. ಹಾಡುಹಗಲು, ಬಸ್ಸಿನೋರೆಲ್ಲ ಕೆಳಗೆ ನಿಂತು ಶಿಳ್ಳೆ ಹಾಕ್ತಿದ್ರಂತೆ. ಅವತ್ತಿಂದ ಊರಲ್ಲಿ ಅಪ್ಪನ ಹೆಸರು ‘ಸು’. ‘ಏನ್ ಸು, ಎಲ್ಲಿಗೆ ಹೊರಟೆ?’ ನನಗೆ ಶಾಲೇಲಿ ‘ಸು ಮಗ’. ಅಪ್ಪ ಸಿಟ್ಟು ಮಾಡ್ಕೊಳ್ಳಲಿಲ್ಲ. ಒಂದು ವರ್ಷ ಆದ್ಮೇಲೆ ಬರೆದ ಬೋರ್ಡಿನ ಮೂಲೇಲೆಲ್ಲ ಸಣ್ಣದಾಗಿ ‘ಸು’ ಅಂತ ಸಹಿ ಹಾಕೋಕೆ ಶುರು ಮಾಡಿದ್ರು. ಅಮ್ಮ ಅವರನ್ನ ಕರೀತಿದ್ದಿದ್ದೂ ಹಾಗೇ. ‘ರೀ ಸು, ಊಟಕ್ಕೆ ಬನ್ನಿ.’”

ಲಕೋಟೆಯನ್ನು ಮೇಜಿನ ಮೇಲಿಟ್ಟ.

“ಅಮ್ಮ ಆ ತೋರಣದಲ್ಲಿ ಅಪ್ಪನ್ನ ಬಾಗಿಲಲ್ಲಿ ನಿಲ್ಲಿಸ್ತಾ ಇದ್ರು, ಮಾವ. ನೀವು ಹೆಚ್ಚುವರಿ ಅಂತ ಬರೆದು ವಾಪಸ್ ಕಳಿಸಿದ್ರಿ.”

ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. “ನಾನು ಆ ಮನೇಲಿ ಬಾಳಬೇಕಾದವಳು ಅಪ್ಪ,” ಅಂದಳು. ಅಷ್ಟೇ. ಚಿಕ್ಕಂದಿನಲ್ಲಿ ಒಂದು ಪೆಟ್ಟಿಗೆ ಊರು ಕೇಳುವ ಹಾಗೆ ಅಳುತ್ತಿದ್ದ ಹುಡುಗಿ.

ಬೋರ್ಡ್ ಬರೆದವರು ಯಾರೆಂದು ನಾನು ಆಗ ವಿಚಾರಿಸಿರಲಿಲ್ಲ. ವಿಚಾರಿಸುವುದು ಪತ್ರ ಬರೆಯುವವನ ಕೆಲಸವಲ್ಲ, ತಪ್ಪು ತಪ್ಪೇ. ಆದರೆ ಕೊನೆಯ ಸಾಲು ಬೇಕಿರಲಿಲ್ಲ. ವ್ಯಾಕರಣಕ್ಕೆ ಅದು ಬೇಕಿರಲಿಲ್ಲ.

ಮಾರ್ಚ್ 18, ಮಂಗಳವಾರ

ಹೂವು ಮಡಚಿದೆ. ಇಪ್ಪತ್ತಾರು. ಹತ್ತು ಹರಿದವು.

ಮಾರ್ಚ್ 19, ಬುಧವಾರ

ಬೆಳಿಗ್ಗೆ ಎರಡು ಪುಟದ ಕ್ಷಮಾಪಣೆ ಬರೆದೆ. ನಾಲ್ಕು ಸಲ ತಿದ್ದಿ ನಕಲು ಮಾಡಿಕೊಂಡು ಅಂಗಡಿಗೆ ಹೋದೆ. ಬೀಗಿತ್ತಿ ಯಂತ್ರದ ಮುಂದೆ ಕೂತು ಕಂಬದ ಫ್ರಾಕ್‌ಗೆ ನೆರಿಗೆ ಹಿಡಿಯುತ್ತಿದ್ದರು. ಕೆಲಸ ನಿಲ್ಲಿಸಿರಲಿಲ್ಲ, ಅದೇ ಧೈರ್ಯ. ಕಾಗದ ಮುಂದೆ ಹಿಡಿದೆ.

“ಇದನ್ನೂ ಪೇಪರಿಗೆ ಕೊಡ್ತೀರಾ?” ಅಂದರು.

“ಇಲ್ಲ. ನಿಮಗೆ.”

“ಕನ್ನಡಕ ಒಳಗಿದೆ. ನೀವೇ ಓದಿ.”

ಓದತೊಡಗಿದೆ. ‘ಅನುದ್ದೇಶಿತವಾಗಿ ಉಂಟಾದ ಮನೋವ್ಯಥೆಗೆ’ ಎನ್ನುವವರೆಗೆ ಹೋಯಿತು. ಆಮೇಲೆ ಅದು ನನಗೇ ಕಚೇರಿಯ ಸುತ್ತೋಲೆಯ ಹಾಗೆ ಕೇಳಿಸಿ ನಿಲ್ಲಿಸಿದೆ. ಯಂತ್ರವೂ ನಿಂತಿತು.

“ನಿಮ್ಮ ಆ ಹಳೇ ಪತ್ರದಲ್ಲಿ ಒಂದು ತಪ್ಪಿದೆ ಬೀಗರೇ.”

ನಾನು ನೆಟ್ಟಗೆ ಕೂತೆ. “ಎಲ್ಲಿ?”

“ಅಕ್ಷರಜ್ಞಾನ ಕಡಿಮೆ ಅಂದ್ರಲ್ಲ, ಅಲ್ಲಿ. ಅವರು ಮೊದಲು ಬರೆದಿದ್ದು ‘ಸ್ವಾಗತ’ ಅಂತಲೇ. ಆಫೀಸಿನೋರು ಬಂದು ನೋಡಿ, ಜಾಗ ತುಂಬ ಖಾಲಿ ಬಿಟ್ಟಿದೀಯ, ಮುಂದೆ ಒಂದು ‘ಸು’ ಹಾಕು ಅಂದ್ರು. ‘ಸಾರ್, ಅದು ಒಳಗೇ ಇದೆ’ ಅಂತ ಇವರು ಹೇಳಿದ್ರು. ನೀವು ಮೊನ್ನೆ ನನಗೆ ಹೇಳಿದ್ರಲ್ಲ, ಅದೇ ಪಾಠ. ಮಾತಿಗೆ ಮಾತು ಅದೇ. ‘ಬಣ್ಣ ನಿಂದು, ಗೋಡೆ ನಮ್ದು, ಬರಿ’ ಅಂದ್ರಂತೆ. ಬರೆದ್ರು. ನಾನು ಅವತ್ತು ನಿಮ್ಮ ಮನೇಲಿ ಅದಕ್ಕೇ ಸುಮ್ನೆ ಕೂತಿದ್ದು. ಅವರೇ ಮಾತಾಡ್ತಿದ್ದ ಹಾಗಿತ್ತು.”

ಇಪ್ಪತ್ತೇಳು ವರ್ಷ ನಾನು ಆ ಪತ್ರದ ತುಣುಕನ್ನು ಜೋಪಾನವಾಗಿಟ್ಟಿದ್ದೆ. ಅದರಲ್ಲಿ ತಪ್ಪಿರಬಹುದೆಂದು ಒಂದು ದಿನವೂ ಅನ್ನಿಸಿರಲಿಲ್ಲ. ‘ತಪ್ಪಾಯಿತು’ ಎಂದೆ. ಕಾಗದದಲ್ಲಿ ಆ ಪದ ಎಲ್ಲೂ ಇರಲಿಲ್ಲವೆಂದು ಈಗ ಹೊಳೆಯುತ್ತಿದೆ.

ಲಕೋಟೆಯಿಂದ ಪಟ ತೆಗೆದು ಕೊಟ್ಟೆ. ಆಕೆ ತೆಗೆದುಕೊಳ್ಳಲಿಲ್ಲ.

“ಕತ್ತರಿಸಿದೋರು ಯಾರು?”

“ನಾನೇ.”

“ಹಾಗಾದ್ರೆ ಹೊಲಿಯೋರೂ ನೀವೇ. ಹಗ್ಗ ತಗೊಂಡು ಬನ್ನಿ. ಸೂಜಿ ನಾನು ಕೊಡ್ತೀನಿ.”

ಮನೆಗೆ ಹೋಗಿ ಉಳಿದ ಮೂರು ಅಕ್ಷರ ತಂದೆ. ಸೂಜಿಗೆ ದಾರ ಪೋಣಿಸುವುದಕ್ಕೇ ಕಾಲು ಗಂಟೆ. ಹೊಲಿದು ತೋರಿಸಿದೆ. “ಒಂದು ಹೊಲಿಗೆ ಅಕ್ಕಿಯಷ್ಟು, ಒಂದು ಹೆಬ್ಬೆರಳಷ್ಟು. ಬಿಚ್ಚಿ.” ಬಿಚ್ಚಿ ಮತ್ತೆ ಹೊಲಿದೆ. “ಎಡಕ್ಕೆ ಎಳೀತಾ ಇದೆ. ಬಿಚ್ಚಿ.” ಮೂರನೆಯ ಸಲ ಬೆರಳಿಗೆ ಚುಚ್ಚಿತು. ಆಕೆ ಕನ್ನಡಕ ತರಿಸಿಕೊಂಡು, ಬೆಳಕಿಗೆ ಹಿಡಿದು, ಉಗುರಿನಲ್ಲಿ ಒಂದೊಂದೇ ಹೊಲಿಗೆ ಮುಟ್ಟಿ ನೋಡಿದರು. ನನ್ನ ಮೇಜಿನ ಮುಂದೆ ನಿಂತಿರುತ್ತಿದ್ದ ಅಚ್ಚು ಜೋಡಿಸುವವರು ನೆನಪಾದರು.

“ಪರವಾಗಿಲ್ಲ,” ಅಂದರು.

ಮೂವತ್ನಾಲ್ಕು ವರ್ಷದಲ್ಲಿ ನಾನು ಯಾರಿಗೂ ‘ಪರವಾಗಿಲ್ಲ’ ಎಂದದ್ದು ನೆನಪಿಲ್ಲ. ಕೇಳುವುದಕ್ಕೆ ಇಷ್ಟು ಹಿತವಾಗಿರುತ್ತದೆಂದು ಗೊತ್ತಿರಲಿಲ್ಲ.

ಬರುತ್ತೀರಾ ಎಂದು ಕೇಳಿದ್ದಕ್ಕೆ ಮಾತ್ರ “ನೋಡೋಣ” ಅಂದರು.

ಮಾರ್ಚ್ 20, ಗುರುವಾರ

ವ್ಯಾಕರಣದ ಪ್ರಕಾರ ಅದು ತಪ್ಪೇ. ನನ್ನ ಅಭಿಪ್ರಾಯವೇನೂ ಬದಲಾಗಿಲ್ಲ. ಹೆಂಡತಿ ಕೇಳಿಸಿಕೊಂಡು, “ಎಕ್ಸ್‌ಚೇಂಜಲ್ಲಿ ಇಪ್ಪತ್ತೈದು ವರ್ಷ ‘ಹಲೋ ಹಲೋ’ ಅಂದೆ. ಒಂದು ಹಲೋ ಹೊಡೆದುಹಾಕಿ ಅಂತ ಯಾರೂ ಪೇಪರಿಗೆ ಬರೀಲಿಲ್ಲ,” ಅಂದಳು.

ಒಂದು ಕಸಿವಿಸಿ ಇದೆ. ಕಾಲೇಜು ಮೇಷ್ಟ್ರು ಬರುತ್ತಾರೆ. ನಲವತ್ತು ವರ್ಷದ ಗೆಳೆಯರು. ಊರಿನ ಬೋರ್ಡು, ಪತ್ರಿಕೆ, ಪಠ್ಯಪುಸ್ತಕದ ತಪ್ಪು ಹೆಕ್ಕಿ ತಿಂಗಳಿಗೊಮ್ಮೆ ಪರಸ್ಪರ ತೋರಿಸಿ ಯಾರದು ಹೆಚ್ಚು ಎಂದು ಎಣಿಸುವುದು ನಮ್ಮ ಪೈಪೋಟಿ. ಅವರ ದನಿ ಪಾಠದ ಕೋಣೆಯ ಕೊನೆಯ ಬೆಂಚಿಗೆ ಮುಟ್ಟುವಂಥದ್ದು. ಬಾಗಿಲಲ್ಲೇ ನೋಡುತ್ತಾರೆ. ಬೀಗಿತ್ತಿ ಅಲ್ಲಿದ್ದರೆ? ಇನ್ನೊಂದು ಸಲ ಎಲ್ಲರೆದುರು?

ತೋರಣವನ್ನು ಒಳಗೆ, ಕಂಬದ ಹಿಂದೆ ಕಟ್ಟಬಹುದು ಎಂದು ಒಂದು ಕ್ಷಣ ಯೋಚಿಸಿದೆ. ಒಂದೇ ಕ್ಷಣ.

ಮಾರ್ಚ್ 22, ಶನಿವಾರ

ಇಡೀ ದಿನ ಸಭಾಂಗಣದಲ್ಲಿ. ಹನ್ನೊಂದು ಗಂಟೆಗೆ ಆಟೋದಿಂದ ಬಟ್ಟೆಯ ಗಂಟುಗಳು ಇಳಿದವು. ಅವುಗಳ ಹಿಂದೆ ಬೀಗಿತ್ತಿ ಇಳಿದರು. ಹೆಂಡತಿ ಆಕೆಯ ಕೈಯಿಂದ ಕತ್ತರಿ ಇಸಕೊಂಡಳು, ಅಷ್ಟೇ.

ಮೊಳೆ ಇಲ್ಲದ ಕಾರಣ ಕಿಟಕಿಯಿಂದ ಕಿಟಕಿಗೆ ಸರಳುಗಳ ನಡುವೆ ಹುರಿ ಬಿಗಿದು, ಅದರ ಮೇಲೆ ಪರದೆ ಇಳಿಬಿಟ್ಟೆವು. ಆಸ್ಪತ್ರೆಯ ಹಸಿರು ಮಾಯವಾಯಿತು. ಕಂಬದ ಫ್ರಾಕ್ ಚಾವಣಿಯಿಂದ ನೆಲದವರೆಗೆ ನೆರಿಗೆ ನೆರಿಗೆಯಾಗಿ ಬಂತು. ಅದರೊಳಗೆ ದೀಪದ ಸರ ಸುತ್ತಿದ ಮೇಲೆ ಕಂಬ ಒಂದು ದೊಡ್ಡ ಕಂದೀಲಾಯಿತು. ಮೇಲ್ವಿಚಾರಕ ಬಂದು ನೋಡಿ, “ಇದನ್ನ ಇಲ್ಲೇ ಬಿಟ್ಟು ಹೋಗಿ ಸಾರ್,” ಅಂದ.

ನನ್ನ ಹೂವುಗಳಿಗೆ ಮಾತ್ರ ಗ್ರಹಚಾರ ಕೆಟ್ಟಿತ್ತು. ಹುರಿಗೆ ಪೋಣಿಸಿ ಮುಗಿಸಿ ಫ್ಯಾನ್ ಹಾಕಿದ್ದೇ ತಡ, ನಾನೂರು ಹೂವು ಒಟ್ಟಿಗೆ ಎದ್ದು ಗಡಗಡ ನಡುಗಿದವು. ಅರ್ಧ ನೆಲಕ್ಕೆ. ಯೋಜನೆ ನನ್ನದೇ, ಗಾಳಿಯ ಲೆಕ್ಕ ಹಾಕಿರಲಿಲ್ಲ. ಬೀಗಿತ್ತಿ ಒಂದು ಹೂವು ಎತ್ತಿ, ಅಂಗಿಯ ಗುಂಡಿ ಒಂದನ್ನು ಅದರ ಬುಡಕ್ಕೆ ಹೊಲಿದು ಬಿಟ್ಟರು. ತೂಕಕ್ಕೆ ನಿಂತಿತು. ಆಮೇಲೆ ಮಗಳು, ಅಳಿಯ, ನಾವು ಮೂವರು ಸುತ್ತ ಕೂತು ಗುಂಡಿ ಹೊಲಿದೆವು. ನನ್ನ ಹೊಲಿಗೆ ನೋಡಿ ಮಗಳು, “ಅಪ್ಪಾ, ನೀನು ಯಾವಾಗ ಕಲಿತೆ?” ಅಂದಳು.

“ಬುಧವಾರ,” ಎಂದರು ಬೀಗಿತ್ತಿ.

ಉಳಿದ ಹೂವನ್ನು ಒಂಬತ್ತು ಅಧ್ಯಕ್ಷರ ಚೌಕಟ್ಟಿನ ಸುತ್ತ ಏರಿಸಿದೆ. ಹೆಂಡತಿ ದೂರ ನಿಂತು ನೋಡಿ ಬಾಯ ಮೇಲೆ ಕೈಯಿಟ್ಟಳು. “ರೀ, ಒಂಬತ್ತೂ ಜನ ತೀರಿಕೊಂಡ ಹಾಗಿದೆ. ಅದರಲ್ಲಿ ಇಬ್ಬರು ನಾಳೆ ಊಟಕ್ಕೆ ಬರ್ತಾರೆ!” ಇಳಿಸಿ ಮೇಜುಗಳ ಮೇಲೆ ಗಾಜಿನ ಸೀಸೆಗಳಲ್ಲಿಟ್ಟೆವು. ಅದೇ ಚೆನ್ನಾಗಿತ್ತು.

ಕೊನೆಗೆ ತೋರಣ. ಏಣಿ ನಾನೇ ಹತ್ತಿದೆ. ಎಡಕ್ಕೆ, ಬಲಕ್ಕೆ, ಇನ್ನೊಂದು ಚೂರು ಎಡಕ್ಕೆ ಎಂದು ಬೀಗಿತ್ತಿ ಕೆಳಗಿನಿಂದ ಹೇಳಿದರು. ನಾಲ್ಕು ಅಕ್ಷರವೂ ಬಾಗಿಲಿನ ಸರಿಯಾಗಿ ನಡುವೆ ಬಂದಾಗ ಸುಮ್ಮನಾದರು. ನಾನು ಏಣಿಯ ಮೇಲೆ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ. ಎತ್ತರದಲ್ಲಿ, ಕೆಳಗೆ ಜನ ನೋಡುತ್ತಿರುವಾಗ, ಒಂದು ಅಕ್ಷರ ಕೈಯಲ್ಲಿ ಹಿಡಿದು ನಿಲ್ಲುವುದು ಹೇಗಿರುತ್ತದೆಂದು ತಿಳಿದಿರಲಿಲ್ಲ.

ಮೇಲ್ವಿಚಾರಕ ಕೊಟ್ಟ ರಸೀದಿಯಲ್ಲಿ ‘ಸಭಾಂಗಣ’ ‘ಸಬಾಂಗಣ’ ಆಗಿತ್ತು. ಸಹಿ ಹಾಕಿ ಕೊಟ್ಟೆ. ಪೆನ್ಸಿಲ್ ತಂದಿರಲಿಲ್ಲ.

ಮಾರ್ಚ್ 24, ಸೋಮವಾರ, ಬೆಳಿಗ್ಗೆ

ನಿನ್ನೆಯದನ್ನು ಈಗ ಬರೆಯುತ್ತಿದ್ದೇನೆ.

ಬೆಳಿಗ್ಗೆ ಸಹಿಗಳಾದವು. ಮಗಳು ತನ್ನ ಸಹಿಯನ್ನು ಒಂದಿಷ್ಟೂ ಅವಸರವಿಲ್ಲದೆ ಹಾಕಿದಳು. ಸಂಜೆ ಆರಕ್ಕೆ ಸಭಾಂಗಣದ ದೀಪ ಹಾಕಿದಾಗ, ಇದು ಅದೇ ಹಸಿರು ಗೋಡೆಯ ಡಬ್ಬಿ ಎಂದರೆ ನನಗೇ ನಂಬಿಕೆ ಬರಲಿಲ್ಲ. ಇಬ್ಬರು ಮಾಜಿ ಅಧ್ಯಕ್ಷರು ತಮ್ಮ ತಮ್ಮ ಫೋಟೋದ ಕೆಳಗೇ ಕೂತು, ಫೋಟೋದಲ್ಲಿದ್ದುದಕ್ಕಿಂತ ಚೆನ್ನಾಗಿ ನಕ್ಕರು. ಡೆಕೊರೇಟರ್ ಕೂಡ ಯಾರೊಂದಿಗೋ ಬಂದಿದ್ದ. ಕಂಬವನ್ನು ಎರಡು ಸುತ್ತು ಸುತ್ತಿ, “ಇದಕ್ಕೆ ಏನ್ ಹೆಸರಿಟ್ಟಿದೀರಾ ಸಾರ್?” ಎಂದು ಕೇಳಿದ. “ಕಂಬ,” ಎಂದೆ.

ಬಾಗಿಲಲ್ಲಿ ಒಂದು ಕಡೆ ನಾನು, ಇನ್ನೊಂದು ಕಡೆ ಬೀಗಿತ್ತಿ. ಆಕೆ ಊಟದ ಹೊತ್ತಿಗೆ ಬರಲಿಲ್ಲ. ಐದೂವರೆಗೇ ಬಂದು ನಿಂತಿದ್ದರು. ಬಂದವರಿಗೆಲ್ಲ ಒಂದೊಂದು ಕಾಗದದ ಹೂವು ಕೊಡುತ್ತಿದ್ದರು. ವಯಸ್ಸಾದ ಬಸ್ ಚಾಲಕರೊಬ್ಬರು ತೋರಣ ನೋಡಿ, ಬಹಳ ಹೊತ್ತು ನೋಡಿ, ಆಕೆಯ ಕಡೆ ತಲೆಯಾಡಿಸಿ ಒಳಗೆ ಹೋದರು. ಅವರಿಗೆ ಅರ್ಥವಾಗಿತ್ತು.

ಏಳು ಗಂಟೆಗೆ ಮೇಷ್ಟ್ರು ಬಂದರು. ಬಾಗಿಲಿನಿಂದ ನಾಲ್ಕು ಹೆಜ್ಜೆ ದೂರದಲ್ಲೇ ನಿಂತು ತಲೆಯೆತ್ತಿದರು. ಆಮೇಲೆ ಆ ದನಿ.

“ಏನಯ್ಯಾ ಇದು! ನಿನ್ನ ಮಗಳ ಆರತಕ್ಷತೆ, ನಿನ್ನ ಬಾಗಿಲು, ಅದರ ಮೇಲೆ ‘ಸುಸ್ವಾಗತ’? ನಿನಗೆ ಕಣ್ಣಿನ ಪೊರೆ ಬಂದಿದೆಯೋ, ಮರೆವು ಬಂದಿದೆಯೋ? ಬಸ್ ಸ್ಟ್ಯಾಂಡಿನದನ್ನ ಅಳಿಸಿದೋನು ನೀನು!”

ಹಿಂದಿದ್ದವರು ನಕ್ಕರು. ಒಳಗೂ ಕೆಲವರು ತಿರುಗಿ ನೋಡಿದರು. ಬೀಗಿತ್ತಿಯ ಕೈ ಹೂವಿನ ಬುಟ್ಟಿಯೊಳಗೇ ನಿಂತಿತು. ಆಕೆ ನನ್ನನ್ನು ನೋಡಲಿಲ್ಲ. ನೆಲ ನೋಡುತ್ತಿದ್ದರು.

ಉತ್ತರಗಳು ಹಲವಿದ್ದವು. ‘ಬನ್ನಿ ಬನ್ನಿ’ ಎನ್ನುತ್ತೇವಲ್ಲ, ಅದು ದ್ವಿರುಕ್ತಿ, ಸಂಭ್ರಮಕ್ಕೆ ವ್ಯಾಕರಣವೇ ಒಪ್ಪಿದ್ದು ಎಂದು ವಾದಿಸಬಹುದಿತ್ತು. ಎರಡು ದಿನದಿಂದ ಅದನ್ನೇ ಸಿದ್ಧ ಮಾಡಿಟ್ಟುಕೊಂಡಿದ್ದೆ. ಗೆಲ್ಲುತ್ತಿದ್ದೆ ಕೂಡ.

“ಅಳಿಸಿದ್ದು ನಾನೇ ಮೇಷ್ಟ್ರೇ,” ಎಂದೆ. ನನ್ನ ದನಿಯೂ ಸಣ್ಣದಲ್ಲ. “ಅವತ್ತು ಅದು ಅಕ್ಷರ ಅಂತ ತಿಳಿದಿದ್ದೆ. ಅದು ಅಕ್ಷರ ಅಲ್ಲ, ಅವರು ನಮ್ಮ ಬೀಗರು. ಹುಡುಗನ ತಂದೆ. ಊರೆಲ್ಲ ‘ಸು’ ಅಂತಲೇ ಕರೀತಿದ್ರು. ಈ ಊರಲ್ಲಿ ಅವರಷ್ಟು ಚೆನ್ನಾಗಿ ಬೋರ್ಡ್ ಬರೆದೋರು ಇನ್ನೊಬ್ಬರಿಲ್ಲ. ಇವತ್ತು ಬಾಗಿಲಲ್ಲಿ ಎಲ್ಲರಿಗಿಂತ ಮುಂದೆ ಅವರೇ ನಿಲ್ಲಬೇಕಲ್ಲ?”

ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ಓದಿದರು.

“ಮತ್ತೆ ವ್ಯಾಕರಣ?”

“ವ್ಯಾಕರಣದ ಪ್ರಕಾರ ತಪ್ಪೇ.”

ಮೇಷ್ಟ್ರು ಒಂದು ಹೆಜ್ಜೆ ಮುಂದೆ ಬಂದು ತೋರಣದ ಕಡೆ ಕೈಯೆತ್ತಿ ಮುಗಿದರು. “ನಮಸ್ಕಾರ ಸು ಅವರೇ. ನಿಮ್ಮ ಬೀಗರು ಸ್ವಲ್ಪ ಒರಟು ಮನುಷ್ಯ. ಸಂಭಾಳಿಸಿಕೊಳ್ಳಿ.”

ಬೀಗಿತ್ತಿ ನಕ್ಕರು. ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನಕ್ಕರು. ಬುಟ್ಟಿಯಿಂದ ಹೂವು ತೆಗೆದು ಮೇಷ್ಟ್ರ ಕೈಗಿಟ್ಟು, “ಅವರಿಗೂ ಗೊತ್ತು,” ಅಂದರು. “ನೀವು ಒಳಗೆ ಬನ್ನಿ.”